ಡಾಕ್ಟರ್ ಹತ್ರ ಹೋದ್ರೆ ಬರೀ ದಪ್ಪದ ಮಾತೇ, ಏನ್ ಮಾಡೋದು?

ಪ್ರಶ್ನೆ:
ಕಿವಿ ನೋವು ಅಂತ ಹೋಗಿದ್ದೆ, ಕೂತ್ಕೊಳ್ಳೋಕೆ ಮುಂಚೆನೇ "ಏನಮ್ಮಾ ಇಷ್ಟು ದಪ್ಪ ಆಗಿದೀಯ, ಅನ್ನ ಕಮ್ಮಿ ಮಾಡು" ಅಂದ್ರು, ಹೊರಗಡೆ ಕೂತಿದ್ದವರಿಗೆಲ್ಲ ಕೇಳಿಸ್ತು, ಕಿವಿ ಸರಿಯಾಗಿ ನೋಡಲೇ ಇಲ್ಲ. ಈಗ ಮಂಡಿ ನೋವು ಶುರುವಾಗಿ ಎರಡು ತಿಂಗಳಾಯ್ತು, ಹೋಗೋಕೇ ಭಯ.

ಉತ್ತರ 1:
ದಯವಿಟ್ಟು ಹೋಗೋದು ನಿಲ್ಲಿಸ್ಬೇಡಿ. ನಾನು ಯಾವಾಗಿಂದ ನೋವು, ಮೆಟ್ಲು ಹತ್ತುವಾಗ ಜಾಸ್ತಿನಾ ಅಂತೆಲ್ಲ ಚೀಟಿಲಿ ಬರ್ಕೊಂಡು ಹೋಗ್ತೀನಿ, ತೂಕದ ಮಾತು ಬಂದ್ರೆ "ಸಾರ್, ಇದೇ ನೋವು ಸಣ್ಣಗಿರೋರಿಗೆ ಬಂದಿದ್ರೆ ಏನ್ ಟೆಸ್ಟ್ ಮಾಡಿಸ್ತಿದ್ರಿ?" ಅಂತ ಮೆಲ್ಲಗೆ ಕೇಳ್ತೀನಿ.

ಉತ್ತರ 2:
ಬಿಪಿ ನೋಡುವಾಗ್ಲೂ ಹುಷಾರು ಅಕ್ಕ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದ್ರೆ ಇರೋದಕ್ಕಿಂತ ಜಾಸ್ತಿ ತೋರ್ಸುತ್ತೆ, ನಮ್ಮಮ್ಮಂಗೆ ಹಾಗೇ ಆಗಿ ಸುಮ್ನೆ ಗಾಬರಿ ಆಗಿದ್ವಿ. ದೊಡ್ಡ ಸೈಜ್ ಪಟ್ಟಿ ಕೇಳಿ, ನಾಚ್ಕೋಬೇಡಿ.

ಉತ್ತರ 3:
ತೂಕಕ್ಕೂ ಮಂಡಿಗೂ ಸಂಬಂಧ ಇದೆ, ಅದು ನಿಜ, ಆದ್ರೆ ಪರೀಕ್ಷೆ ಮಾಡ್ದೆ ಬರೀ ಬೈದು ಕಳ್ಸೋದು ಟ್ರೀಟ್‌ಮೆಂಟ್ ಅಲ್ಲ. ಬಿಎಂಐ ಅಂದ್ರೆ ಎತ್ತರ ತೂಕದ ಲೆಕ್ಕ ಅಷ್ಟೆ, ನಮ್ಮ ದೇಶದಲ್ಲಿ 23 ಆದ್ರೇ ಜಾಸ್ತಿ ಅಂತಾರೆ. ತೂಕ ಇದ್ದಕ್ಕಿದ್ದಂಗೆ ಏರಿದ್ರೆ ಥೈರಾಯ್ಡ್ ನೋಡ್ಸಿ. ಬೇರೆ ಡಾಕ್ಟರ್‌ಗೆ ತೋರ್ಸೋದು ನಿಮ್ಮ ಹಕ್ಕು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್, ಸೋಮವಾರ ತಂಗಿನ ಕರ್ಕೊಂಡು ಹೋಗ್ತೀನಿ.