30,000 ರೂಪಾಯಿಗೆ ಬಿಇ ಓದಿಗೆ ಲ್ಯಾಪ್‌ಟಾಪ್: ಹೊಸದೋ, ರೀಫರ್ಬಿಶ್ಡೋ?

ಹಾರಂಗಿ_ದಡ:
ತಂಗಿ ಮೊದಲ ವರ್ಷದ ಬಿಇ, ಕಂಪ್ಯೂಟರ್ ಸೈನ್ಸ್. ಬಜೆಟ್ 30,000, ಮೇಲೆ ಒಂದೆರಡು ಸಾವಿರ ಎಳೆಯಬಹುದು. ಈಗ ಸಿ, ಪೈಥಾನ್. ಮುಂದೆ ಆ್ಯಪ್ ಬರೆಯೋಕೆ ಆಂಡ್ರಾಯ್ಡ್ ಸ್ಟುಡಿಯೋ. ಗೇಮ್ ಇಲ್ಲ. ಶೋರೂಮಿನಲ್ಲಿ 8 ಜಿಬಿಯ ಹೊಸದು ತೋರಿಸ್ತಾರೆ. ಎಸ್‌ಪಿ ರೋಡಿನಲ್ಲಿ (ಬೆಂಗಳೂರಿನ ಕಂಪ್ಯೂಟರ್ ಅಂಗಡಿ ಬೀದಿ) ಕಂಪನಿಗಳು ಬಳಸಿ ಬಿಟ್ಟದ್ದನ್ನು ಸರಿಮಾಡಿ ಮಾರುವ, ಅಂದರೆ ರೀಫರ್ಬಿಶ್ಡ್, ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 5400 ನೋಡಿದ್ದೇನೆ. ನಾಲ್ಕು ವರ್ಷ ಬಾಳಬೇಕು. ಹಳೆಯದಾದರೆ ಅಂಗಡಿಯಲ್ಲೇ ಏನು ನೋಡಬೇಕು?

ಬೆಸುಗೆಕಡ್ಡಿ:
ಹೊಸದಾದರೆ ಮೊದಲ ಪ್ರಶ್ನೆ: ರ್‍ಯಾಮ್ ಸ್ಲಾಟ್ ಇದೆಯಾ? ರೈಜೆನ್ 5 7520ಯು ಪ್ರೊಸೆಸರ್ ಎಂಬ ಹೆಸರಿಗೆ ಮರುಳಾಗಬೇಡಿ. 7000 ಸರಣಿ ಅಂದರೂ ಒಳಗಿರೋದು ಹಳೇ ಜೆನ್ 2 ತಲೆಮಾರಿನ ಚಿಪ್, ರ್‍ಯಾಮ್ ಬೋರ್ಡಿಗೇ ಬೆಸುಗೆ. 8 ತಗೊಂಡರೆ ಕೊನೆವರೆಗೂ 8. ಆಂಡ್ರಾಯ್ಡ್ ಎಮ್ಯುಲೇಟರ್ (ಪರದೆ ಮೇಲಿನ ನಕಲಿ ಫೋನ್) ಓಡಿಸೋಕೆ 16 ಬೇಕೇ ಬೇಕು. ಫೋನನ್ನೇ ಯುಎಸ್‌ಬಿಗೆ ಹಾಕಿ ಟೆಸ್ಟ್ ಮಾಡಿದರೆ 8ರಲ್ಲಿ ಹೇಗೋ ತಳ್ಳಬಹುದು. ಐ3-1215ಯು ಜೊತೆಗೆ ಖಾಲಿ ಸ್ಲಾಟ್ ಇರೋದು ಈ ದುಡ್ಡಿಗೆ ಸಿಕ್ಕರೆ ಕಣ್ಮುಚ್ಚಿ ತಗೊಳ್ಳಿ. ಸೆಲೆರಾನ್, 64 ಜಿಬಿ ಇಎಂಎಂಸಿ (ಬೋರ್ಡಿಗೇ ಬೆಸೆದ ಸಣ್ಣ ಸ್ಟೋರೇಜ್) ಇರೋದರ ಹತ್ತಿರವೂ ಹೋಗಬೇಡಿ, ವಿಂಡೋಸ್ ಅಪ್‌ಡೇಟಿಗೇ ಜಾಗ ಸಾಲಲ್ಲ.

ಎರಡನೇ_ಕೈ:
ನನ್ನ ಓಟು ರೀಫರ್ಬಿಶ್ಡ್‌ಗೆ, ಆದರೆ ಅರ್ಧ ದಿನ ಇಟ್ಟುಕೊಂಡು ಹೋಗಿ. ನೀವು ಹೇಳಿದ ಎರಡಕ್ಕೂ ಎರಡೆರಡು ರ್‍ಯಾಮ್ ಸ್ಲಾಟ್. ಟಿ480ಎಸ್, ಟಿ490 ಬೇರೆ: ಎರಡರಲ್ಲೂ ಒಂದು ಭಾಗ ಬೋರ್ಡಿಗೆ ಬೆಸುಗೆ, ಜೊತೆಗೆ ಒಂದೇ ಸ್ಲಾಟ್.

ಸ್ಟಿಕ್ಕರ್ ನಂಬಬೇಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ತೆಗೆದು ಸಿಪಿಯು ಹೆಸರು ಓದಿ. ಐ5-8250ಯು, 8350ಯು ಆದರೆ ನಾಲ್ಕು ಕೋರ್. 7200ಯು, 7300ಯು ಬಂದರೆ ಎರಡೇ. ಮೈಕ್ರೋಸಾಫ್ಟ್ ಲೆಕ್ಕದಲ್ಲಿ ವಿಂಡೋಸ್ 11ಕ್ಕೂ ಅರ್ಹವಲ್ಲ. "ಹಾಕಿಕೊಟ್ಟಿದ್ದೀವಲ್ಲ ಸಾರ್" ಅಂತಾರೆ. ಅದು ಅಡ್ಡದಾರಿಯಲ್ಲಿ ಹಾಕಿದ್ದು.

ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಸಿ. ಡಿಸೈನ್ ಕೆಪಾಸಿಟಿ (ಹೊಸದಿದ್ದಾಗಿನ ಸಾಮರ್ಥ್ಯ) 68,000, ಫುಲ್ ಚಾರ್ಜ್ (ಈಗಿನದು) 40,000 ಅಂತಿದ್ದರೆ ಉಳಿದಿರೋದು ಶೇ. 59. ಶೇ. 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿ ದುಡ್ಡು ಬೆಲೆಯಲ್ಲಿ ಇಳಿಸಿ. ಟಚ್‌ಪ್ಯಾಡ್ ಉಬ್ಬಿದ್ದರೆ, ಕ್ಲಿಕ್ ಬಿಗಿಯಾಗಿದ್ದರೆ ಕೆಳಗಿನ ಬ್ಯಾಟರಿ ಊದಿಕೊಂಡಿರಬಹುದು, ಬಿಟ್ಟುಬಿಡಿ.

ಎಲ್ಲಕ್ಕಿಂತ ಮುಖ್ಯ, ಹಳೇ ಮಾಲೀಕರ ಲಾಕ್ ಉಳಿದಿದೆಯಾ ಅಂತ ನೋಡೋದು. ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್) ಹೋಗಿ: ಪಾಸ್‌ವರ್ಡ್ ಕೇಳಿದರೆ ಬೇಡ. ಬಳಿಕ ವಿಂಡೋಸ್ ರೀಸೆಟ್ ಮಾಡಿಸಿ ನಿಮ್ಮ ಹಾಟ್‌ಸ್ಪಾಟ್‌ಗೆ ಹಾಕಿ. ಸೆಟಪ್ ಪರದೆಯಲ್ಲಿ ಯಾವುದೋ ಕಂಪನಿ ಹೆಸರು, ಅವರ ಲಾಗಿನ್ ಬಂತು ಅಂದರೆ ಅದು ಇನ್ನೂ ಅವರ ಪಟ್ಟಿಯಲ್ಲೇ ಇದೆ. ನೆಟ್ ಇಲ್ಲದೆ ಸೆಟಪ್ ಮುಗಿಸಿಟ್ಟಿದ್ದರೆ ಇದು ಕಾಣೋದೇ ಇಲ್ಲ. ಮುಂದೆಂದೋ ರೀಸೆಟ್ ಮಾಡಿದ ದಿನ ಹಲ್ಲು ಕಿರಿಯುತ್ತೆ.

ಬೆಸುಗೆಕಡ್ಡಿ:
ಒಂದು ಸೇರಿಸ್ತೀನಿ. ಟಿ480ಕ್ಕೆ ಎರಡು ಬ್ಯಾಟರಿ, ರಿಪೋರ್ಟ್‌ನಲ್ಲಿ ಬೇರೆಬೇರೆ ಕಾಣ್ತವೆ. ಹೊರಗಿನದು ಕೈಯಲ್ಲೇ ಕಳಚಿ ಬದಲಿಸಬಹುದು. ಒಳಗಿನ 24 ವ್ಯಾಟ್-ಅವರ್‌ನದಕ್ಕೆ ತಳ ಬಿಚ್ಚಬೇಕು. ಚಾರ್ಜರನ್ನು ಎರಡೂ ಟೈಪ್-ಸಿ ಪೋರ್ಟಿಗೆ ಹಾಕಿ ನೋಡಿ. ಪೋರ್ಟಿನ ಒಳತಂತ್ರಾಂಶವಾದ ಹಳೇ ಥಂಡರ್‌ಬೋಲ್ಟ್ ಫರ್ಮ್‌ವೇರ್‌ನಿಂದ ಪೋರ್ಟ್ ಸತ್ತಿರೋದುಂಟು. ಸರಿಯಿದ್ದರೆ ಮನೆಗೆ ಬಂದ ದಿನವೇ ಲೆನೊವೊದ ಅಪ್‌ಡೇಟ್ ಹಾಕಿ. ಪರದೆ 1366×768 ಕೊಟ್ಟರೆ ಬೇಡ ಅನ್ನಿ, ಕೋಡ್ ಓದೋಕೆ 1920×1080 ಇರಲಿ.

ಹಾರಂಗಿ_ದಡ:
ರೀಸೆಟ್ ಮಾಡೋಕೆ ಅಂಗಡಿಯವರು ಒಪ್ತಾರಾ?

ಎರಡನೇ_ಕೈ:
ಮುಂಗಡ ಕೊಡೋ ಮೊದಲೇ ಕೇಳಿ, ಮಾಡಿಸಿಟ್ಟಿರಿ ಅಂತ ಹೇಳಿ ಊಟಕ್ಕೆ ಹೋಗಿ ಬನ್ನಿ. ಆಗಲ್ಲ ಅಂದರೆ ಪಕ್ಕದ ಅಂಗಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್, ವಾರಂಟಿ ಎಷ್ಟು ತಿಂಗಳು ಅಂತ ಬರೆಸೋದು ಮರೀಬೇಡಿ.