ಪದಚರ್ಚೆ: ಮೆಟ್ಟದ ದೆವ್ವಕ್ಕೆ ಏನೆನ್ನೋಣ?

ಗೆಳೆಯರೆ,

ಲಂಡನ್ನಿನ ಒಂದು ಹಳೆಯ ದೆವ್ವದ ಕಥೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. 'ದೆವ್ವ' ಅನ್ನುವಲ್ಲೇ ಪೆನ್ನು ನಿಂತಿದೆ.

1893ರ ಜೂನ್ 22. ಬ್ರಿಟಿಷ್ ಅಡ್ಮಿರಲ್ ಜಾರ್ಜ್ ಟ್ರಯಾನ್ ಈಗಿನ ಲೆಬನಾನಿನ ಟ್ರಿಪೋಲಿ ಹತ್ತಿರ ತಮ್ಮ ಎರಡು ಸಾಲು ಯುದ್ಧಹಡಗುಗಳಿಗೆ ಒಳಮುಖವಾಗಿ ತಿರುಗಲು ಹೇಳಿದರು. ನಡುವೆ ಅಷ್ಟು ಜಾಗವೇ ಇರಲಿಲ್ಲ. ಕ್ಯಾಂಪರ್‌ಡೌನ್ ಹಡಗು ಬಂದು ಟ್ರಯಾನ್ ಇದ್ದ ವಿಕ್ಟೋರಿಯಾಕ್ಕೆ ಗುದ್ದಿತು. ಕಾಲು ಗಂಟೆಯೊಳಗೆ ಅದು ಮುಳುಗಿತು. ಅವರೂ ಸೇರಿ 358 ಜನ ಸತ್ತರು. ಅದೇ ಹೊತ್ತಿಗೆ ಲಂಡನ್ನಿನ ಈಟನ್ ಪ್ಲೇಸ್ ಬೀದಿಯ ಮನೆಯಲ್ಲಿ ಅವರ ಹೆಂಡತಿ ಪಾರ್ಟಿ ಇಟ್ಟುಕೊಂಡಿದ್ದರಂತೆ. ಸಮವಸ್ತ್ರ ತೊಟ್ಟ ಟ್ರಯಾನ್ ಮೆಟ್ಟಿಲಿಳಿದು ಬಂದು, ಯಾರನ್ನೂ ಮಾತಾಡಿಸದೆ, ಬಂದವರ ನಡುವೆ ಹಾದು ಮಾಯವಾದರಂತೆ.

ದೆವ್ವ ಅಂದರೆ ನಮ್ಮಲ್ಲಿ ಹಿಡಿಯಬೇಕು, ಮೆಟ್ಟಬೇಕು, ಆಮೇಲೆ ಯಾರಾದರೂ ಬಿಡಿಸಬೇಕು. ಇವರು ಮೆಟ್ಟಿದ್ದು ಮೆಟ್ಟಿಲು ಮಾತ್ರ! 'ಭೂತ' ಅಂದರೆ ಕರಾವಳಿಯವರಿಗೆ ಕೋಲದ ದೈವ ನೆನಪಾಗುತ್ತದೆ. (ತಮಾಷೆ ನೋಡಿ, 'ದೆವ್ವ'ವೂ 'ದೈವ'ದ ತದ್ಭವವೇ.) ಹಳಗನ್ನಡದ 'ಮರುಳ್' ನನಗೆ ಬಹಳ ಇಷ್ಟ. ಆದರೆ ಇವತ್ತು ಮರುಳ ಅಂದರೆ ತಲೆಕೆಟ್ಟವನು. ಅಂಥ ಆಜ್ಞೆ ಕೊಟ್ಟವರಿಗೆ ಆ ಪದ ಹಾಕಿದರೆ ಸುಮ್ನೆ ಚುಚ್ಚಿದ ಹಾಗಾಗುತ್ತದೆ, ಅಲ್ವಾ?

ಉಳಿದದ್ದು 'ಪ್ರೇತ'. ಬಿಡಿಸಿದರೆ 'ಹೊರಟುಹೋದವನು' ಎಂದಷ್ಟೇ ಅರ್ಥ, ಭಯ ಆಮೇಲೆ ಅಂಟಿಕೊಂಡದ್ದು. ಇದೇ ಸರಿ ಅಂದುಕೊಂಡೆ. ಆಮೇಲೆ ಗಡಿಯಾರ ಅಡ್ಡ ಬಂತು. ಹಡಗುಗಳು ಗುದ್ದಿಕೊಂಡದ್ದು ಅಲ್ಲಿಯ ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ. ಲಂಡನ್ನಿನಲ್ಲಿ ಆಗ ಹೆಚ್ಚುಕಡಿಮೆ ಒಂದೂವರೆ. ಪಾರ್ಟಿ ಸಂಜೆಯದು ಎನ್ನುವವರೂ ಇದ್ದಾರೆ. ಹಾಗಾದರೆ ಪ್ರೇತ ಸರಿ, 'ಅದೇ ಹೊತ್ತಿಗೆ' ತಪ್ಪು. 'ಅದೇ ಹೊತ್ತಿಗೆ' ಎನ್ನುವುದನ್ನೇ ಉಳಿಸಿಕೊಂಡರೆ, ಮೆಟ್ಟಿಲಿಳಿದವರು ಇನ್ನೂ ಬದುಕಿದ್ದರೋ ಏನೋ! ಬದುಕಿದ್ದವರನ್ನು ಪ್ರೇತ ಅನ್ನುವುದು ಹೇಗೆ?

ನಮ್ಮ ಮನೆಯಲ್ಲಿ ಇಂಥದ್ದಕ್ಕೆ 'ಬಂದು ಮುಖ ತೋರಿಸಿ ಹೋದರು' ಎನ್ನುತ್ತಿದ್ದರು. ಚೆಂದದ ಮಾತು. ಆದರೆ ಅದು ಅವರು ಮಾಡಿದ ಕೆಲಸ, ಅವರ ಹೆಸರಲ್ಲ. ಹೀಗೆ ಸಾಯುವ ಗಳಿಗೆಯಲ್ಲಿ ದೂರದ ಮನೆಯಲ್ಲಿ ಕಾಣಿಸಿಕೊಳ್ಳುವವರನ್ನು ನಿಮ್ಮ ಕಡೆ ಏನೆಂದು ಕರೆಯುತ್ತಾರೆ? ಊರಿನ ಹೆಸರೂ ಜೊತೆಗೆ ತಿಳಿಸಿ.