ಸಹಾಯ ಬೇಕು: ಬಾಳೆಹಣ್ಣಿಲ್ಲದೆ ಸ್ಮೂದಿ ಬೌಲ್ ಗಟ್ಟಿ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಳಗಿನ ತಿಂಡಿಗೆ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ-ಪಿಷ್ಟದ ಅಂಶ) ಕಡಿಮೆ ಇರುವ ಸ್ಮೂದಿ ಬೌಲ್, ಅಂದರೆ ಹಣ್ಣು ಗಟ್ಟಿಯಾಗಿ ರುಬ್ಬಿ ಬಟ್ಟಲಲ್ಲಿ ಚಮಚದಿಂದ ತಿನ್ನುವ ತಿಂಡಿ, ಮಾಡುತ್ತಿದ್ದೇನೆ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 23 ಗ್ರಾಂ ಕಾರ್ಬ್ ಇರುತ್ತದೆ, ಸ್ಟ್ರಾಬೆರಿಯಲ್ಲಿ 8ರಷ್ಟು ಮಾತ್ರ. ಹಾಗಾಗಿ ಬಾಳೆಹಣ್ಣು ಬಿಟ್ಟು ಫ್ರೀಜರ್‌ನಲ್ಲಿಟ್ಟ ಸ್ಟ್ರಾಬೆರಿ, ಅರ್ಧ ಬೆಣ್ಣೆಹಣ್ಣು, ಸಕ್ಕರೆ ಇಲ್ಲದ ಬಾದಾಮಿ ಹಾಲು ಹಾಕಿ ರುಬ್ಬುತ್ತೇನೆ. ರುಚಿಗೇನೂ ಮೋಸವಿಲ್ಲ. ಆದರೆ ಬಟ್ಟಲಿಗೆ ಸುರಿದ ಸ್ವಲ್ಪ ಹೊತ್ತಿಗೇ ಅಂಚಿನಲ್ಲಿ ನೀರು ಬಿಟ್ಟುಕೊಳ್ಳುತ್ತದೆ, ಮೇಲೆ ಉದುರಿಸಿದ ಬಾದಾಮಿ ಚೂರೆಲ್ಲ ಮುಳುಗಿಹೋಗುತ್ತದೆ. ಹಾಲು ಕಡಿಮೆ ಮಾಡಿದರೆ ಮಿಕ್ಸಿ ಬ್ಲೇಡ್ ಸುಮ್ನೆ ತಿರುಗುತ್ತದೆ, ಹಣ್ಣು ಅಲ್ಲೇ ಕೂತಿರುತ್ತದೆ!

ಚಿಯಾ ಬೀಜ ನೀರು ಹೀರಿ ಲೋಳೆಯಾಗುತ್ತದೆ ಅಲ್ವಾ, ಅದನ್ನು ರುಬ್ಬುವಾಗಲೇ ಹಾಕಬೇಕಾ, ಮೊದಲೇ ನೆನೆಸಿಡಬೇಕಾ? ಗಟ್ಟಿ ಮೊಸರು ಬಳಸುವವರಿದ್ದರೆ ಎಷ್ಟು ಹಾಕುತ್ತೀರಿ ಹೇಳಿ. ಪ್ರೋಟೀನ್ ಪೌಡರ್ ಮಾತ್ರ ಬೇಡ, ಆ ವಾಸನೆ ನನಗಾಗುವುದಿಲ್ಲ.